ನಮ್ಮೂರಿನ ಬೇಡಿಕೆ ದಿಲ್ಲಿ ಮುಟ್ಟಬೇಕಾದರೆ: ಹಳ್ಳಿಗಳ ದೇಶಮಟ್ಟದ ಜಾಲ ಕಟ್ಟುವ ಬಗೆ

ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆ ಊರಿನ ಕೆಲಸಕ್ಕೆ ಓಡಾಡುವ ಹುಡುಗರು, ಹೆಣ್ಣುಮಕ್ಕಳು ಕೇಳುವ ಪ್ರಶ್ನೆ ಒಂದೇ. ತಾಲ್ಲೂಕು ಕಚೇರಿಗೆ ಹೋದರೆ ಡಿಸಿ ಸಾಹೇಬರನ್ನು ಕೇಳಿ ಅಂತಾರೆ, ಅಲ್ಲಿಗೆ ಹೋದರೆ ಬೆಂಗಳೂರು ಅಂತಾರೆ, ಬೆಂಗಳೂರಿಗೆ ಹೋದರೆ ಇದು ಕೇಂದ್ರದ್ದು ಅಂತಾರೆ. ಹಾಗಾದರೆ ನಾವು ದಿಲ್ಲಿಯವರೆಗೆ ಹೋಗುವುದು ಹೇಗೆ? ಒಂದೇ ಊರು ಹೋದರೆ ಗೇಟಿನ ಹತ್ತಿರವೇ ನಿಲ್ಲಬೇಕಾಗುತ್ತದೆ. ನಾಲ್ಕು ರಾಜ್ಯದ ಊರುಗಳು ಒಂದೇ ಮಾತು ಹಿಡಿದು ಹೋದರೆ ಒಳಗೆ ಕರೆಯುತ್ತಾರೆ. ಅಂಥ ಜಾಲ ಕಟ್ಟುವ ಬಗ್ಗೆ ನನಗೆ ಗೊತ್ತಿರುವುದನ್ನು ಬರೆಯುತ್ತೇನೆ. ಉದಾಹರಣೆಗೆ ಗೋಮಾಳ, ಕಾವಲಿನ ವಿಷಯ, ಅಂದರೆ ದನ ಕುರಿ ಮೇಯಲು ಬಿಟ್ಟ ಸರ್ಕಾರಿ ಹುಲ್ಲುಗಾವಲಿನ ವಿಷಯ ಹಿಡಿದಿದ್ದೇನೆ, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಈಗ ಅದಕ್ಕಿಂತ ಅರ್ಜೆಂಟಾದ ವಿಷಯ ನನಗೆ ಕಾಣುತ್ತಿಲ್ಲ. ನಿಮ್ಮದು ಗಣಿ ಧೂಳಿನ ವಿಷಯ ಇರಬಹುದು, ಕೂಲಿ ಬಾಕಿ ಇರಬಹುದು. ದಾರಿ ಹೆಚ್ಚುಕಡಿಮೆ ಇದೇ.

ಮೊದಲ ಪ್ರಶ್ನೆ: ಇದನ್ನು ತೀರ್ಮಾನ ಮಾಡುವವರು ಯಾರು?

ಜಾಲ ಕಟ್ಟುವ ಮೊದಲು ಇದಕ್ಕೆ ಉತ್ತರ ಬೇಕೇ ಬೇಕು. ದಿಲ್ಲಿಯಲ್ಲಿ ತೀರ್ಮಾನ ಆಗದ ವಿಷಯಕ್ಕೆ ದೇಶಮಟ್ಟದ ಜಾಲ ಕಟ್ಟಿದರೆ ಜನರ ದುಡ್ಡು, ಕಾಲ ಎರಡೂ ಹಾಳು.

ಭೂಮಿ ಸಂವಿಧಾನದ ಪ್ರಕಾರ ರಾಜ್ಯದ ವಿಷಯ. ಗೋಮಾಳ ಎಷ್ಟಿರಬೇಕು ಅಂತ ಹೇಳುವುದು 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮ: 100 ಜಾನುವಾರಿಗೆ 30 ಎಕರೆ. ನಿಮ್ಮೂರಲ್ಲಿ 600 ದನ ಎಮ್ಮೆ ಇದ್ದರೆ 180 ಎಕರೆ ಆಯಿತು. ಅಷ್ಟು ಉಳಿದಿಲ್ಲ ಅಂದರೆ ಕೇಳಬೇಕಾದ್ದು ತಹಶೀಲ್ದಾರರನ್ನು, ಡಿಸಿಯನ್ನು, ಆಮೇಲೆ ವಿಧಾನಸೌಧವನ್ನು. ಇದಕ್ಕೆ ದಿಲ್ಲಿ ಟಿಕೆಟ್ ಬೇಕಿಲ್ಲ.

ಆದರೆ ಸೋಲಾರ್ ಪಾರ್ಕ್, ಗಾಳಿಯಂತ್ರದ ವಿಷಯ ಬೇರೆ. 2006ರ ಕೇಂದ್ರ ಅಧಿಸೂಚನೆಯ ಪ್ರಕಾರ ದೊಡ್ಡ ಗಣಿಗೆ, ಅಣೆಕಟ್ಟಿಗೆ ಪರಿಸರ ಪರಿಣಾಮದ ಅಧ್ಯಯನ ಆಗಬೇಕು, ಜನರ ಅಹವಾಲು ಸಭೆ ನಡೆಯಬೇಕು. ಫಲಕ ಹಾಸುವ ಸೋಲಾರ್ ಯೋಜನೆಗೂ ಗಾಳಿ ವಿದ್ಯುತ್ತಿಗೂ ಅದು ಅನ್ವಯವಾಗುವುದಿಲ್ಲ. ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಪಾರ್ಕ್ ಐದು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ ಬಂತು. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಗುತ್ತಿಗೆ ಹಣ ಅಂತ ಶುರುವಾಯಿತು, ಬರದ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ, ಅದನ್ನು ಬೇಡ ಅನ್ನುವ ಹಕ್ಕು ನನಗಿಲ್ಲ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರ ಹೆಸರಲ್ಲಿ ಪಹಣಿ ಇಲ್ಲ. ಬೀಳು ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರ ಹೆಸರಲ್ಲೂ ಇಲ್ಲ. ಅವರಿಗೆ ಗುತ್ತಿಗೆ ಹಣ ಯಾರು ಕೊಡುತ್ತಾರೆ? ರಾಜಸ್ಥಾನದ ಜೈಸಲ್ಮೇರಿನಲ್ಲಿ ಒರಣ ಅನ್ನುವ ದೇವರ ಕಾಡು, ಹುಲ್ಲುಗಾವಲಿನ ಜನ ಇದೇ ಸಂಕಟದಲ್ಲಿದ್ದಾರೆ. ನಿಯಮ ಒಂದೇ, ಅದನ್ನು ಬರೆದ ಸಚಿವಾಲಯ ಒಂದೇ. ಇಲ್ಲಿ ಜಾಲಕ್ಕೆ ಅರ್ಥವಿದೆ.

ಇನ್ನೊಂದು ಬಗೆಯ ವಿಷಯವೂ ಇದೆ, ಗೊಂದಲ ಆಗುವುದು ಅಲ್ಲೇ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಘೋಷಣೆಯಾಯಿತು. ಹಣ ಕೇಂದ್ರದ್ದು, ಆದರೆ ಬೇಡಿಕೆ ನಮ್ಮ ನಾಲ್ಕು ಜಿಲ್ಲೆಯದ್ದು. ಮಹಾರಾಷ್ಟ್ರದ ರೈತರು ಅದಕ್ಕೆ ಯಾಕೆ ಬರಬೇಕು? ಅಂಥದ್ದಕ್ಕೆ ಸಂಸದರು, ಶಾಸಕರು, ಮಠಗಳು, ರೈತ ಸಂಘಗಳು ಎಲ್ಲರನ್ನೂ ಒಂದೇ ವೇದಿಕೆಗೆ ತರುವ ಜಿಲ್ಲಾ ಹೋರಾಟವೇ ಸರಿ. ಜಗಳೂರಿನ 57 ಕೆರೆ ತುಂಬಿಸುವ ಯೋಜನೆಗೆ ಸಿರಿಗೆರೆ ಸ್ವಾಮೀಜಿಯವರು ಬೆನ್ನು ಹತ್ತಿ ಕೆಲಸ ಮಾಡಿಸಿದ್ದು ನಮ್ಮ ಕಣ್ಣೆದುರೇ ಇದೆ.

ಬೇಡಿಕೆ ಒಂದು ವಾಕ್ಯದಲ್ಲಿರಲಿ

"ಹಳ್ಳಿಗಳು ಉದ್ಧಾರ ಆಗಬೇಕು" ಅಂತ ಬರೆದುಕೊಟ್ಟರೆ "ಪರಿಶೀಲಿಸಲಾಗುವುದು" ಅಂತ ಉತ್ತರ ಬರುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ಬೇಡಿಕೆ ಹೀಗಿರಬೇಕು: "ಹುಲ್ಲುಗಾವಲು ಮತ್ತು ಊರಿನ ಸಾಮೂಹಿಕ ಭೂಮಿಯನ್ನು ಸೋಲಾರ್, ಗಾಳಿ ವಿದ್ಯುತ್ ಯೋಜನೆಗೆ ಕೊಡುವ ಮೊದಲು ಆ ಊರಿನ ಗ್ರಾಮಸಭೆಯ ಒಪ್ಪಿಗೆ ಮತ್ತು ಮೇವು, ನೀರಿನ ಮೇಲಾಗುವ ಪರಿಣಾಮದ ಅಧ್ಯಯನ ಕಡ್ಡಾಯವಾಗಲಿ." ಇದಕ್ಕೆ ಹೌದು ಅನ್ನಬಹುದು, ಇಲ್ಲ ಅನ್ನಬಹುದು, ಜಾರಿಕೊಳ್ಳುವುದು ಕಷ್ಟ. ಕುರಿ ಕಾಯುವ ಅಜ್ಜನಿಗೂ ಒಂದು ಸಲ ಓದಿ ಹೇಳಿದರೆ ತಲೆಗೆ ಹೋಗಬೇಕು. ಹೋಗಲಿಲ್ಲ ಅಂದರೆ ವಾಕ್ಯ ತಿದ್ದಿ.

ಮೂವತ್ತು ಬೇಡಿಕೆಗಳ ಪಟ್ಟಿ ಮಾಡಬೇಡಿ. ಒಬ್ಬರು ಮದ್ಯದಂಗಡಿ ಅಂತಾರೆ, ಇನ್ನೊಬ್ಬರು ಬಸ್ಸು ಅಂತಾರೆ. ಎಲ್ಲವೂ ನಿಜವೇ. ಅವನ್ನು ಪಂಚಾಯ್ತಿಯಲ್ಲಿ, ತಾಲ್ಲೂಕಿನಲ್ಲಿ ಕೇಳಿ. ಜಾಲಕ್ಕೆ ಒಂದೇ ಸಾಕು.

ಹೊರಗೆ ಹೋಗುವ ಮೊದಲು ಊರೊಳಗಿನ ಜಗಳ ತೀರಿಸಿ

ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಇದಕ್ಕಿಂತ ದೊಡ್ಡ ತೊಡಕು ಇಲ್ಲ. ಗೋಮಾಳ ಉಳಿಸಿ ಅಂತ ನೀವು ಕೂಗಿದ ದಿನವೇ ಅದೇ ಗೋಮಾಳದಲ್ಲಿ ಎರಡೆಕರೆ ಬಗರ್‌ಹುಕುಂ (ಮಂಜೂರಾತಿ ಇಲ್ಲದ) ಉಳುಮೆ ಮಾಡಿಕೊಂಡು, ಅದನ್ನು ಸಕ್ರಮ ಮಾಡಿಕೊಡಿ ಅಂತ ನಮೂನೆ 53 ಅಥವಾ 57ರಲ್ಲಿ ಅರ್ಜಿ ಹಾಕಿ ಕಾಯುತ್ತಿರುವ ಬಡ ಕುಟುಂಬಕ್ಕೆ ಎದೆ ಧಸಕ್ ಅನ್ನುತ್ತದೆ. ಅವರಲ್ಲಿ ದಲಿತರು, ಭೂಮಿ ಇಲ್ಲದವರೇ ಜಾಸ್ತಿ. ಅವರನ್ನು ಬಿಟ್ಟು ಹೊರಟರೆ ನಾಳೆ ಯಾರಾದರೂ ಅವರನ್ನೇ ನಿಮ್ಮ ಎದುರು ನಿಲ್ಲಿಸುತ್ತಾರೆ. ಅವರು ನಿಲ್ಲುವುದು ತಪ್ಪೂ ಅಲ್ಲ.

ಹಾಗಾಗಿ ಮೊದಲು ಆ ಮನೆಗಳವರ ಜೊತೆ ಕೂತು ಮಾತಾಡಿ. ಬಡವರ ಉಳುಮೆ ನಮ್ಮ ಗುರಿ ಅಲ್ಲ ಅಂತ ಸುಮ್ನೆ ಬಾಯಿಮಾತಲ್ಲಿ ಹೇಳಿದರೆ ಸಾಲದು, ಠರಾವಿನಲ್ಲೇ ಬರೆಯಿರಿ. ಇದಕ್ಕೆ ಕೋರ್ಟಿನ ಬಲವೂ ಇದೆ. ಊರಿನ ಸಾಮೂಹಿಕ ಭೂಮಿಯ ಅಕ್ರಮ ಒತ್ತುವರಿ ತೆರವು ಮಾಡಿ ಅಂತ ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಅದೇ ತೀರ್ಪಿನಲ್ಲಿ, ಸರ್ಕಾರದ ಅಧಿಸೂಚನೆಯಂತೆ ಭೂಹೀನ ಕೂಲಿಗಳಿಗೆ, ಪರಿಶಿಷ್ಟರಿಗೆ ಕೊಟ್ಟ ಜಾಗಕ್ಕೆ, ಈಗಾಗಲೇ ಶಾಲೆ, ಆಸ್ಪತ್ರೆ ಇರುವ ಜಾಗಕ್ಕೆ ವಿನಾಯಿತಿ ಇರಬಹುದು ಅಂತಲೂ ಇದೆ. ಈ ತೀರ್ಪು ಪಂಜಾಬಿನ ಒಂದು ಹಳ್ಳಿಯ ಕೆರೆ ಜಾಗದ ಕೇಸಿನಿಂದ ಬಂದದ್ದು, ಈವತ್ತು ಹೊಸದುರ್ಗದ ಹಳ್ಳಿಯವರೂ ಅದನ್ನು ತೋರಿಸಬಹುದು. ಬೇರೆ ರಾಜ್ಯದವರ ಜೊತೆ ಸಂಪರ್ಕ ಇಟ್ಟುಕೊಂಡರೆ ಸಿಗುವ ಲಾಭ ಇದೇ ಥರದ್ದು.

ದಾಖಲೆ ಇಲ್ಲದೆ ಹೊರಡಬೇಡಿ

ಚಳ್ಳಕೆರೆಯ ಅಮೃತಮಹಲ್ ಕಾವಲು ನೆನಪಿದೆ ಅಲ್ವಾ? ದೊಡ್ಡಉಳ್ಳಾರ್ತಿ, ಖುದಾಪುರ ಭಾಗದಲ್ಲಿ ಸುಮಾರು 10 ಸಾವಿರ ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಮತ್ತು ಒಂದು ಸೋಲಾರ್ ಕಂಪನಿಗೆ ಹಂಚಿಕೆಯಾಯಿತು. ಕುರಿ ಹೋಗುವ ದಾರಿಗೆ ಗೋಡೆ ಅಡ್ಡ ಬಂದಾಗ ಊರವರು ಬೀದಿಗಿಳಿದರು. 2013ರಲ್ಲಿ ಚೆನ್ನೈನ ಹಸಿರು ನ್ಯಾಯಮಂಡಳಿಯಲ್ಲಿ ವಿಚಾರಣೆ ನಡೆಯಿತು. ಗೋಡೆ ಎದ್ದ ಮೇಲೆ ದಾಖಲೆ ಹುಡುಕುವುದಕ್ಕೂ ಮೊದಲೇ ಕೈಲಿಟ್ಟುಕೊಳ್ಳುವುದಕ್ಕೂ ಅಜಗಜಾಂತರ. ಆ ಭಾಗದ ಕಂಬಳಿ ನೇಕಾರರು, ದೇವರ ಎತ್ತು ಸಾಕುವ ಮ್ಯಾಸನಾಯಕರ ಕಿಲಾರಿಗಳು, ಕುರುಬರು, ಕಾಡುಗೊಲ್ಲರು ಕಾವಲನ್ನು ತಲೆಮಾರುಗಳಿಂದ ಬಳಸಿದ್ದಾರೆ. ಆದರೆ ಆ ಬಳಕೆ ಪಹಣಿಯಲ್ಲಿ ಅವರ ಹೆಸರಲ್ಲಿ ಕಾಣುವುದಿಲ್ಲ. ಕಾಣುವ ಹಾಗೆ ಮಾಡುವುದು ನಿಮ್ಮ ಕೆಲಸ.

ಒಂದು ಊರಿಗೆ ಒಂದು ಫೈಲ್ ಮಾಡಿ. ಗೋಮಾಳ, ಕಾವಲು, ಹುಲ್ಲುಬನ್ನಿ ಎಲ್ಲ ಸರ್ವೆ ನಂಬರಿನ ಪಹಣಿ, ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯದ ಪಟ್ಟಿ) ಅದರಲ್ಲಿರಲಿ. ಜಾನುವಾರು ಗಣತಿಯ ಲೆಕ್ಕವನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ತೆಗೆದುಕೊಳ್ಳಿ, ಕುರಿ ಮೇಕೆಯ ಲೆಕ್ಕ ಬೇರೆ ಬರೆದಿಡಿ. ಮೇಯುವ ದಾರಿ, ನೀರು ಕುಡಿಸುವ ಕಟ್ಟೆ, ದೇವರ ಗುಡಿ, ಮಂದೆ ನಿಲ್ಲುವ ಜಾಗ ಇವನ್ನು ನಕ್ಷೆಯ ಜೆರಾಕ್ಸ್ ಮೇಲೆ ಕುರಿಗಾಹಿಗಳ ಕೈಲೇ ಗುರುತು ಹಾಕಿಸಿ. ಮೊಬೈಲಿನಲ್ಲಿ ಜಾಗದ ಗುರುತಿನ ಸಮೇತ ಫೋಟೊ ತೆಗೆಯಿರಿ. ಯಾರ ಆಧಾರ್ ಪ್ರತಿಯನ್ನೂ ಈ ಫೈಲಿಗೆ ಹಾಕಬೇಡಿ, ಅದರ ಅಗತ್ಯವೂ ಇಲ್ಲ.

ಕಚೇರಿಯಲ್ಲಿ ಕೊಡದ ಕಾಗದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಅದಕ್ಕೇ "ನಮ್ಮ ಗ್ರಾಮದ ಭೂಮಿಯ ಎಲ್ಲ ಮಾಹಿತಿ ಕೊಡಿ" ಅಂತ ಕೇಳಬೇಡಿ. "ಇಂಥ ಸರ್ವೆ ನಂಬರಿನ ಜಮೀನಿನ ಬಗ್ಗೆ 2010ರಿಂದ ಈವರೆಗೆ ಆದ ಹಂಚಿಕೆ ಆದೇಶಗಳ ಪ್ರತಿ ಕೊಡಿ" ಅಂತ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ತಾರೀಕು ತಪ್ಪಿಸಬೇಡಿ.

ಆಮೇಲೆ ಗ್ರಾಮಸಭೆಯ ಠರಾವು. ಠರಾವು ಇಷ್ಟಿದ್ದರೆ ಸಾಕು: "ನಮ್ಮ ಗ್ರಾಮದ ಇಂಥ ಸರ್ವೆ ನಂಬರಿನ ಇಷ್ಟು ಎಕರೆ ಗೋಮಾಳವನ್ನು ಗ್ರಾಮದ ಇಷ್ಟು ಕುಟುಂಬಗಳು ಇಷ್ಟು ಜಾನುವಾರು, ಕುರಿ ಮೇಕೆಗಳ ಮೇವಿಗೆ ಬಳಸುತ್ತಿವೆ. ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಇದನ್ನು ಯಾವ ಯೋಜನೆಗೂ ಕೊಡಬಾರದು. ಭೂಹೀನರ ಬಗರ್‌ಹುಕುಂ ಅರ್ಜಿಗಳಿಗೆ ಈ ಠರಾವು ಅಡ್ಡಿಯಲ್ಲ." ಪಿಡಿಒ ನಡಾವಳಿ ಪುಸ್ತಕದಲ್ಲಿ ಬರೆದು ಓದಿ ಹೇಳುವವರೆಗೆ ಜಾಗ ಬಿಟ್ಟು ಏಳಬೇಡಿ, "ಆಮೇಲೆ ಬರಕೊಳ್ತೀವಿ" ಅಂದರೆ ಅದು ಬರೆಯುವುದಿಲ್ಲ ಅಂತಲೇ ಅರ್ಥ. ವಾರದೊಳಗೆ ದೃಢೀಕೃತ ಪ್ರತಿ ತೆಗೆದುಕೊಳ್ಳಿ.

ದಾಖಲೆಯ ಬಲ ಎಷ್ಟು ಅಂತ ತಿಳಿಯಬೇಕಾದರೆ ರಾಜಸ್ಥಾನದ ಕಡೆ ನೋಡಬೇಕು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಅಲ್ಲಿನ ಕೂಲಿಕಾರರು ಸೇರಿ 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕಟ್ಟಿದರು. 1994ರ ಕೊನೆಯಲ್ಲಿ ಊರೂರಲ್ಲಿ ಜನಸುನವಾಯಿ, ಅಂದರೆ ಜನರ ಅಹವಾಲು ಸಭೆ ಶುರುಮಾಡಿದರು. ಅಲ್ಲಿ ಮಾಡಿದ್ದು ಇಷ್ಟೇ: ಬರಗಾಲದ ಕಾಮಗಾರಿಯ ಹಾಜರಿ ಪಟ್ಟಿ, ನಾವು ಎನ್‌ಎಂಆರ್ ಅನ್ನುತ್ತೇವಲ್ಲ ಅದನ್ನು, ಊರ ಮುಂದೆ ಗಟ್ಟಿಯಾಗಿ ಓದಿದರು. ಸತ್ತವರ ಹೆಸರು, ಊರಲ್ಲೇ ಇಲ್ಲದವರ ಹೆಸರು ಬಂದವು. ಯಾರೂ ಭಾಷಣ ಮಾಡುವ ಅಗತ್ಯ ಬೀಳಲಿಲ್ಲ. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ಅದೇ ವರ್ಷ ವಕೀಲರು, ಪತ್ರಕರ್ತರು, ನಿವೃತ್ತ ಅಧಿಕಾರಿಗಳು ಸೇರಿ ಮಾಹಿತಿ ಹಕ್ಕಿನ ರಾಷ್ಟ್ರೀಯ ಅಭಿಯಾನ ಶುರುವಾಯಿತು. 2005ರ ಅಕ್ಟೋಬರ್ 12ಕ್ಕೆ ಕಾಯ್ದೆ ಜಾರಿಗೆ ಬಂತು. ಊರಿನ ಕೆಲಸ ಮೊದಲು, ರಾಷ್ಟ್ರೀಯ ಅನ್ನುವ ಬೋರ್ಡು ಆಮೇಲೆ. ನಮ್ಮಲ್ಲಿ ಎಷ್ಟೋ ಸಲ ಲೆಟರ್‌ಹೆಡ್ಡು ಮೊದಲು ಅಚ್ಚಾಗುತ್ತದೆ, ಅದು ನನಗೆ ತುಂಬಾ ಬೇಸರದ ವಿಷಯ.

ಬೇರೆ ರಾಜ್ಯದ ಊರನ್ನು ಹುಡುಕುವುದು

ದೂರ ಹೋಗಬೇಕಿಲ್ಲ. ಮೊಳಕಾಲ್ಮೂರು, ಚಳ್ಳಕೆರೆ ಗಡಿ ದಾಟಿದರೆ ಆಂಧ್ರದ ರಾಯದುರ್ಗ, ಕಲ್ಯಾಣದುರ್ಗ. ಅದೇ ಶೇಂಗಾ, ಅದೇ ಬರ, ಅದೇ ಕುರಿ. ಈ ಕಡೆಯ ಎಷ್ಟೋ ಮನೆಗಳಲ್ಲಿ ತೆಲುಗೇ ಮಾತು, ಬೀಗತನವೂ ಇದೆ. ಮೊದಲ ಜೋಡಿ ಊರು ಅಲ್ಲೇ ಸಿಗುತ್ತದೆ.

ದಾವಣಗೆರೆ ಜಿಲ್ಲೆಯವರಿಗೆ ಇನ್ನೂ ಒಂದು ದಾರಿ ಇದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಪ್ರತಿ ಫೆಬ್ರವರಿಯಲ್ಲಿ ಸೇವಾಲಾಲ್ ಜಯಂತಿಗೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದ ತಾಂಡಾಗಳಿಂದ ಜನ ಬರುತ್ತಾರೆ. ಲಂಬಾಣಿ ಮಾತು ಬಲ್ಲ ಒಬ್ಬ ಹೆಣ್ಣುಮಗಳು ನಿಮ್ಮ ತಂಡದಲ್ಲಿದ್ದರೆ ಅಲ್ಲೇ ಮೂರು ರಾಜ್ಯದ ಸಂಪರ್ಕ ಆಗುತ್ತದೆ. ಜಾತ್ರೆಯಲ್ಲಿ ಕರಪತ್ರ ಹಂಚಿ ಅಂತ ನಾನು ಹೇಳುತ್ತಿಲ್ಲ. ಹರಕೆ ಹೊತ್ತು ಬಂದವರ ಭಕ್ತಿಗೆ ಅಡ್ಡ ಬರಬಾರದು. ಮನೆಮಟ್ಟದ ಪರಿಚಯ ಮಾಡಿಕೊಂಡು ನಂಬರ್ ತೆಗೆದುಕೊಂಡು ಬನ್ನಿ, ಮುಂದಿನ ಮಾತು ಫೋನಿನಲ್ಲಿ.

ದೂರದವರಲ್ಲಿ ಜೈಸಲ್ಮೇರ್, ಬಾರ್ಮೇರ್ ಕಡೆಯ ಒರಣದವರು, ಗುಜರಾತಿನ ಕಚ್‌ನ ಬನ್ನಿ ಹುಲ್ಲುಗಾವಲಿನಲ್ಲಿ ದನ ಎಮ್ಮೆ ಮೇಯಿಸುವ ಮಾಲ್ಧಾರಿಗಳು ನಮ್ಮ ವಿಷಯಕ್ಕೆ ತೀರಾ ಹತ್ತಿರ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನದ ಒರಣಗಳನ್ನು ಗುರುತಿಸಿ ಅರಣ್ಯ ಅಂತ ದಾಖಲಿಸಲು ಹೇಳಿತು. ಅವರು ಇಷ್ಟು ದೂರ ಹೇಗೆ ಬಂದರು ಅಂತ ಅವರಿಂದಲೇ ಕೇಳಬೇಕು.

ಊರಿಗೆ ಊರು ಜೋಡಿ ಮಾಡಿ. ಇಲ್ಲಿಂದ ನಾಲ್ಕು ಜನ ಅಲ್ಲಿಗೆ, ಅಲ್ಲಿಂದ ನಾಲ್ಕು ಜನ ಇಲ್ಲಿಗೆ. ಅರ್ಧದಷ್ಟು ಹೆಂಗಸರಿರಲಿ. ಲಾಡ್ಜು ಬೇಡ, ಮನೆಗಳಲ್ಲೇ ಉಳಿಯಲಿ. ನಿಮ್ಮನೆಯ ರೊಟ್ಟಿ, ಶೇಂಗಾ ಚಟ್ನಿ ತಿಂದು ಬೆಳಗ್ಗೆ ಮಂದೆ ಜೊತೆ ಎರಡು ಮೈಲಿ ನಡೆದವರು ಆಮೇಲೆ ನಿಮ್ಮ ಫೋನ್ ಎತ್ತದೆ ಇರುವುದಿಲ್ಲ. ಯಾವಾಗ ಕರೆಯಬೇಕು ಅನ್ನುವುದೂ ಮುಖ್ಯ. ಮುಂಗಾರು ಬಿತ್ತನೆಯಲ್ಲಿ ಸಭೆ ಇಟ್ಟರೆ ಬರುವವರು ಬರೀ ಮುಖಂಡರು. ಕುರಿಗಾಹಿಗಳು ಮಂದೆ ಹೊಡೆದುಕೊಂಡು ಭದ್ರಾ ಅಚ್ಚುಕಟ್ಟಿನ ಗದ್ದೆ ಬಯಲಿಗೆ ಹೋಗಿದ್ದಾಗ ಅವರಿದ್ದಲ್ಲಿಗೇ ನೀವು ಹೋಗಬೇಕು.

ಭಾಷೆಗೆ ಹೆದರಬೇಡಿ. ಎಲ್ಲರೂ ಅವರವರ ಮಾತಲ್ಲೇ ವಾಟ್ಸಾಪ್ ವಾಯ್ಸ್ ಕಳಿಸಲಿ, ಪ್ರತಿ ರಾಜ್ಯದಲ್ಲಿ ಒಬ್ಬರು ಅದನ್ನು ನಾಲ್ಕು ಸಾಲಲ್ಲಿ ಹಿಂದಿಗೋ ಇಂಗ್ಲಿಷಿಗೋ ಬರೆದು ಹಾಕಲಿ. ಗುಂಪಿನಲ್ಲಿ ಪಾರ್ಟಿ ಪ್ರಚಾರ, ದೇವರ ಫೋಟೊ, ಫಾರ್ವರ್ಡ್ ಮೆಸೇಜು ಬೇಡ. ಮೊದಲ ದಿನವೇ ಹೇಳಿಬಿಡಿ.

ದುಡ್ಡು ಮತ್ತು ಪದಾಧಿಕಾರ

ಜಾಲವನ್ನು ತಕ್ಷಣ ನೋಂದಣಿ ಮಾಡಿಸಬೇಕಿಲ್ಲ. ಇರುವ ಸಂಘಗಳು ಅವುಗಳ ಹೆಸರಲ್ಲೇ ಇರಲಿ, ಒಂದು ಸಂಚಾಲನಾ ಸಮಿತಿ ಇರಲಿ. ದಿಲ್ಲಿ ಗಡಿಯಲ್ಲಿ 2020ರ ನವೆಂಬರ್‌ನಿಂದ ವರ್ಷಕ್ಕೂ ಮಿಕ್ಕಿ ಕೂತ ಸಂಯುಕ್ತ ಕಿಸಾನ್ ಮೋರ್ಚಾ ಹೀಗೇ ನಡೆಯಿತು. ಹತ್ತಾರು ಸಂಘಗಳು, ಅವುಗಳ ಬಾವುಟ ಬೇರೆ, ಬೇಡಿಕೆ ಒಂದೇ. ನಮ್ಮಲ್ಲಿ ಹಸಿರು ಶಾಲಿನಲ್ಲೇ ಹಲವು ಬಣ. ಅವರನ್ನು ಒಂದು ಮಾಡುವ ಹೊಣೆ ಜಾಲ ಹೊತ್ತುಕೊಳ್ಳಬಾರದು. ಆ ಒಂದು ವಾಕ್ಯಕ್ಕೆ ಸಹಿ ಹಾಕಿದರೆ ಸಾಕು, ಉಳಿದದ್ದು ಅವರವರ ವಿಷಯ.

ನೋಂದಣಿ ಬೇಕೇ ಬೇಕು ಅನ್ನಿಸಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸಾಕು. ವಿದೇಶಿ ಹಣದ ಕಡೆ ಹೋಗಬೇಡಿ ಅಂತ ನನ್ನ ಸಲಹೆ. 2020ರ ತಿದ್ದುಪಡಿ ಆದ ಮೇಲೆ ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ಕೊಡುವ ಹಾಗೇ ಇಲ್ಲ, ಸಣ್ಣ ಗುಂಪುಗಳ ಜಾಲಕ್ಕೆ ಅದರಿಂದ ತಲೆನೋವು ಬಿಟ್ಟು ಬೇರೇನೂ ಬರುವುದಿಲ್ಲ. ಊರಲ್ಲೇ ಪಟ್ಟಿ ಎತ್ತಿ. ಹತ್ತು ರೂಪಾಯಿ ಕೊಟ್ಟವರಿಗೂ ರಸೀದಿ ಕೊಡಿ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ, ಒಬ್ಬರು ಸ್ತ್ರೀಶಕ್ತಿ ಸಂಘದ ಹೆಣ್ಣುಮಗಳಾಗಲಿ, ಲೆಕ್ಕದ ಶಿಸ್ತು ಅವರಿಗೆ ಜಾಸ್ತಿ. ಖರ್ಚಿನ ಲೆಕ್ಕ ಮೂರು ತಿಂಗಳಿಗೊಮ್ಮೆ ಗ್ರಾಮಸಭೆಯಲ್ಲೋ ಗುಡಿ ಕಟ್ಟೆಯ ಮೇಲೋ ಓದಲಿ.

ದಿಲ್ಲಿಯಲ್ಲಿ ಮಾಡಬೇಕಾದ್ದು

ಸಂಸದರಿಂದ ಶುರುಮಾಡಿ. ಕ್ಷೇತ್ರದ ಗಡಿ ಜಿಲ್ಲೆಯ ಗಡಿಯಂತಲ್ಲ. ಪಾವಗಡ, ಶಿರಾ ತುಮಕೂರು ಜಿಲ್ಲೆಯವು, ಆದರೆ ಚಿತ್ರದುರ್ಗ ಲೋಕಸಭೆಗೆ ಸೇರುತ್ತವೆ. ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆ, ಲೋಕಸಭೆಗೆ ದಾವಣಗೆರೆ. ಅಲ್ಲಿನ ಊರುಗಳ ಠರಾವು ಸೇರಿಸಿಕೊಂಡರೆ ಸಂಸದರ ಮುಂದೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಮನವಿ ಕೊಟ್ಟು ಫೋಟೊ ತೆಗೆಸಿಕೊಂಡು ಬರಬೇಡಿ. ಪ್ರಶ್ನೆ ಬರೆದುಕೊಂಡು ಹೋಗಿ. ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ಕನಿಷ್ಠ 15 ಪೂರ್ಣ ದಿನ ಮೊದಲು ನೋಟಿಸ್ ಕೊಡಬೇಕು, ಹಾಗಾಗಿ ಅಧಿವೇಶನ ಶುರುವಾಗುವ ತಿಂಗಳ ಮೊದಲೇ ಸಂಸದರ ಕಚೇರಿಗೆ ಪ್ರಶ್ನೆ ಸೇರಿರಬೇಕು. ಚಳಿಗಾಲದ ಅಧಿವೇಶನ, ಬಜೆಟ್ ಅಧಿವೇಶನ ನಮಗೆ ಅನುಕೂಲ, ಅಷ್ಟೊತ್ತಿಗೆ ಶೇಂಗಾ ಕಿತ್ತು ಮುಗಿದಿರುತ್ತದೆ. ಪ್ರಶ್ನೆಯ ಮಾತು ಎಚ್ಚರದಿಂದ ಬರೆಯಿರಿ. "ಚಿತ್ರದುರ್ಗದ ಗೋಮಾಳ ಏನಾಯಿತು" ಅಂದರೆ "ಭೂಮಿ ರಾಜ್ಯದ ವಿಷಯ" ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. "ಕೇಂದ್ರದ ಸೋಲಾರ್ ಪಾರ್ಕ್ ಯೋಜನೆಯಡಿ ರಾಜ್ಯವಾರು ಎಷ್ಟು ಸಾಮೂಹಿಕ ಭೂಮಿ ಬಳಕೆಯಾಗಿದೆ, ಗ್ರಾಮಸಭೆಯ ಒಪ್ಪಿಗೆ ಪಡೆಯಲಾಗಿದೆಯೇ" ಅಂದರೆ ಅಂಕಿ ಅಂಶ ಕೊಡಬೇಕಾಗುತ್ತದೆ. ಇದೇ ಪ್ರಶ್ನೆಯನ್ನು ಅನಂತಪುರದ, ಜೈಸಲ್ಮೇರಿನ, ಕಚ್‌ನ ಗೆಳೆಯರು ಅವರವರ ಸಂಸದರ ಕೈಲಿ ಬೇರೆ ಬೇರೆ ಪಕ್ಷದಿಂದ ಕೇಳಿಸಲಿ. ಜಾಲದ ಶಕ್ತಿ ಕಾಣುವುದು ಇಲ್ಲಿ.

ಇದರ ಜೊತೆಗೆ ಸಂಸದೀಯ ಸ್ಥಾಯಿ ಸಮಿತಿಗಳ ಮೇಲೆ ಕಣ್ಣಿಡಿ. ಗ್ರಾಮೀಣಾಭಿವೃದ್ಧಿ, ಇಂಧನ, ಪರಿಸರ ಸಮಿತಿಗಳು ಯಾವುದಾದರೂ ವಿಷಯ ಕೈಗೆತ್ತಿಕೊಂಡಾಗ ಜನರ ಅಭಿಪ್ರಾಯ ಕೇಳುವುದುಂಟು. ಹೊಸ ಮಸೂದೆಯ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಅಂತ ಕೇಂದ್ರವೇ 2014ರಲ್ಲಿ ನೀತಿ ಮಾಡಿಕೊಂಡಿದೆ. 30 ದಿನದಲ್ಲಿ ಹೊಸದಾಗಿ ಊರು ಸುತ್ತಲು ಆಗುವುದಿಲ್ಲ, ಆದರೆ ಫೈಲು ಸಿದ್ಧವಿದ್ದರೆ ಮೂರು ದಿನದಲ್ಲಿ ಆಕ್ಷೇಪಣೆ ಬರೆದು ಕಳಿಸಬಹುದು.

ಜಂತರ್ ಮಂತರ್ ಕೊನೆಯದು. ಪೊಲೀಸ್ ಅನುಮತಿ ಮೊದಲೇ ಬೇಕು. ರೈಲಿನ ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ, ಆ ದಿನವೇ ಸ್ಲೀಪರ್ ಬುಕ್ ಮಾಡಿ. ವಯಸ್ಸಾದವರ ಬಿಪಿ, ಶುಗರ್ ಮಾತ್ರೆ ಜೊತೆಗಿರಲಿ, ಜನವರಿಯ ದಿಲ್ಲಿ ಚಳಿಗೆ ನಮ್ಮೂರ ಕಂಬಳಿಯೇ ಒಳ್ಳೆಯದು. ಅಲ್ಲಿ ಮಾತಾಡುವವರು ಮಂದೆ ಕಾಯುವವರೇ ಆಗಿರಬೇಕು. ಕನ್ನಡದಲ್ಲೇ ಮಾತಾಡಲಿ, ಪಕ್ಕದಲ್ಲಿ ನಿಂತು ನೀವು ಹಿಂದಿಯಲ್ಲಿ ಹೇಳಿ. ಯಾವ ಸಚಿವಾಲಯಕ್ಕೆ ಮನವಿ ಕೊಟ್ಟರೂ ಟಪಾಲು ವಿಭಾಗದಲ್ಲಿ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿದ ಪ್ರತಿ ಇಲ್ಲದೆ ಹೊರಗೆ ಬರಬೇಡಿ. ಮುಂದೆ ಆ ಅರ್ಜಿಯ ಗತಿ ಏನಾಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಲು ಆ ನಂಬರೇ ಆಧಾರ.

ಸಂಸತ್ತಿನಲ್ಲಿ ಉತ್ತರ ಬಂದ ವಾರದಲ್ಲೇ ಅದನ್ನು ಕನ್ನಡ ಮಾಡಿ ಊರಲ್ಲಿ ಓದಿ, ಜೋಡಿ ಊರುಗಳಿಗೂ ಕಳಿಸಿ. "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಅಂತ ಉತ್ತರ ಬಂದರೆ ಸುಮ್ಮನಾಗಬೇಡಿ. ಸದನದ ಲೆಕ್ಕದಲ್ಲಿ ಅದು ಸರ್ಕಾರ ಕೊಟ್ಟ ಭರವಸೆ, ಮೂರು ತಿಂಗಳಲ್ಲಿ ಈಡೇರಿಸಬೇಕು, ಅದನ್ನು ನೋಡಿಕೊಳ್ಳಲು ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಒಂದಿದೆ. ತಾರೀಕು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಮೂರು ತಿಂಗಳು ದಾಟಿದರೆ ಆ ಸಮಿತಿಗೆ ಪತ್ರ ಬರೆಯಲು ನಿಮ್ಮ ಸಂಸದರನ್ನು ಕೇಳಿ, ಪತ್ರದ ಕರಡನ್ನು ನೀವೇ ಬರೆದುಕೊಂಡು ಹೋಗಿ.